ಸಹಿ ಬೀಳುವ ತನಕ ಹೆಸರು ಹೇಳದ ಗುರುಸಿದ್ದಪ್ಪ ಕಾಕಾ

ಗುರುಸಿದ್ದಪ್ಪ ಕಾಕಾ ಫುಟ್‌ಬಾಲ್ ಆಟಗಾರರ ಹೆಸರು ಹೇಳುತ್ತಿರಲಿಲ್ಲ. ಗೊತ್ತಿರಲಿಲ್ಲವೆಂದಲ್ಲ, ಎಲ್ಲರ ಹೆಸರೂ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಆದರೆ ನಾವು ಮೆಚ್ಚಿದ ಕ್ಲಬ್ಬು ಯಾರನ್ನೋ ಕೊಳ್ಳಲಿದೆ ಎಂಬ ಸುದ್ದಿ ಹುಟ್ಟಿತೆಂದರೆ, ಆ ಆಟಗಾರ ಕಾಗದಕ್ಕೆ ಸಹಿ ಹಾಕುವ ತನಕ ಕಾಕಾ ಅವನನ್ನು "ಪೋರ್ಚುಗಲ್ ಕಡೆ ಹುಡುಗ" ಎನ್ನುತ್ತಿದ್ದರು, ಇಲ್ಲವೇ "ಆ ಎಡಗಾಲಿನಾಂವ". ಯಾಕೆಂದು ಕೇಳಿದರೆ, "ಕೂಡಿ ಬರಲಿಲ್ಲಂದ್ರ ಹೆಸರು ಕೆಡತೈತಿ ತಮ್ಮಾ. ನಾಳೆ ಬ್ಯಾರೆ ಕಡೆ ಹೋಗಿ ಬಾಳೇ ಮಾಡಾಂವ ಅವ" ಎನ್ನುವರು.

ಇದು ಅವರ ಕಸುಬಿನಿಂದ ಬಂದ ಚಾಳಿ. ಕಾಕಾ ಹುಬ್ಬಳ್ಳಿ ಸುತ್ತಮುತ್ತ ಗಂಡು-ಹೆಣ್ಣಿನ ಸಂಬಂಧ ಕೂಡಿಸುತ್ತಿದ್ದವರು. ಗೋಪನಕೊಪ್ಪದ ಮನೆಯಿಂದ ಬಿಳಿ ಅಂಗಿ ತೊಟ್ಟು ತಮ್ಮ ಹಳೆಯ ಮೊಪೆಡ್ ಮೇಲೆ ಹೊರಟರೆ ಕುಂದಗೋಳ, ನವಲಗುಂದ, ಅಣ್ಣಿಗೇರಿ ಎಲ್ಲವೂ ಅವರಿಗೆ ಪಕ್ಕದ ಓಣಿ ಇದ್ದಂತೆ. ಮೊಪೆಡ್ ಕೆಟ್ಟಾಗಲೇ ಅವರು ನಮ್ಮ ಕೈಗೆ ಸಿಕ್ಕಿದ್ದು. ಗೋಕುಲ ರಸ್ತೆಯಲ್ಲಿ ಇರ್ಫಾನನ ಗ್ಯಾರೇಜು, ಅದಕ್ಕೆ ಹೊಂದಿಕೊಂಡೇ ನನ್ನ ಝೆರಾಕ್ಸ್ ಅಂಗಡಿ. ನಾವಿಬ್ಬರೂ ಇಂಗ್ಲೆಂಡಿನ ಒಂದು ಕ್ಲಬ್ಬಿನ ಅಭಿಮಾನಿಗಳು. ಆ ಊರನ್ನು ಕಣ್ಣಿಂದ ಕಂಡವರಲ್ಲ, ಆದರೂ ಅದನ್ನು "ನಮ್ಮ ಟೀಮು" ಎನ್ನಲು ನಮಗೆ ಸಂಕೋಚವೇನೂ ಇರಲಿಲ್ಲ. ಅವರ ಬೇಸಿಗೆ ಅಂದರೆ ನಮಗೆ ಮಳೆಗಾಲ. ಆಗ ಆಟ ನಿಂತಿರುತ್ತದೆ, ಕ್ಲಬ್ಬುಗಳು ಆಟಗಾರರನ್ನು ಕೊಳ್ಳುತ್ತ ಮಾರುತ್ತ ಇರುತ್ತವೆ. ಅಂಥದೊಂದು ಸಂಜೆ ನಮ್ಮ ಕೂಗಾಟ ಕೇಳಿ ಕಾಕಾ, "ಯಾರಿಗೆ ಯಾರನ್ನ ನೋಡಾಕತ್ತೀರ್ಪಾ?" ಎಂದು ಸ್ಟೂಲು ಎಳೆದುಕೊಂಡು ಕೂತರು. ಮೊಪೆಡ್ ರಿಪೇರಿಯಾಗಿ ಎಷ್ಟೋ ಹೊತ್ತಾದರೂ ಏಳಲಿಲ್ಲ.

ಅಂದಿನಿಂದ ಆ ಸ್ಟೂಲು ಅವರದಾಯಿತು. ಇರ್ಫಾನ್ ಫೋನು ನೋಡುತ್ತ "ಫಿಕ್ಸ್ ಆತ್ರೀ ಕಾಕಾ, ಅಂವ ಬಂದಂಗ!" ಎಂದು ಕುಣಿದರೆ, ಕಾಕಾ ಚಹಾ ಆರಿಸುತ್ತ ವಿಚಾರಣೆ ಶುರು ಮಾಡುವರು. "ಮೊದಲಿನ ಕ್ಲಬ್ ಯಾಕ ಬಿಟ್ಟ? ಜಗಳಾ ಮಾಡಿ ಬಿಟ್ಟನೋ, ಹೇಳಿ ಕೇಳಿ ಬಿಟ್ಟನೋ? ಅಲ್ಲಿ ಥಂಡಿ ಭಾಳಂತ, ಹುಡುಗ ತಡೀತಾನೇನು? ತಾಯಿ ಸಂಗಾಟ ಬರ್ತಾಳೋ ಇಲ್ಲೋ?" ಗೋಲು ಎಷ್ಟು ಹೊಡೆದಿದ್ದಾನೆ ಎಂದು ಮಾತ್ರ ಎಂದೂ ಕೇಳಲಿಲ್ಲ. ಮುಂದೆ ಪಂದ್ಯಗಳು ಶುರುವಾದರೆ ಅರ್ಧ ಆಟಕ್ಕೇ ಗೊರಕೆ. ಎಬ್ಬಿಸಿದರೆ, "ಆಟಾ ಏನ್ ನೋಡೂದೈತಿ? ಮದುವಿ ಮಾಡಿಕೊಟ್ಟಮ್ಯಾಲ ಗಂಡಾ-ಹೆಂಡ್ತಿ ಜಗಳಾ ಯಾರರ ಕುಂತು ನೋಡ್ತಾರೇನು?" ಎಂದು ನಮ್ಮನ್ನೇ ಬೈಯುವರು.

ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಒಮ್ಮೆ ಮಾತ್ರ. ಒಬ್ಬ ಡಿಫೆಂಡರ್ ಬರುವುದು ಹೆಚ್ಚುಕಡಿಮೆ ನಿಕ್ಕಿಯಾಗಿತ್ತು. ಸಹಿಗೆ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಅವನ ಮೊಣಕಾಲಿನಲ್ಲಿ ಏನೋ ದೋಷ ಕಂಡು ನಮ್ಮ ಕ್ಲಬ್ಬು ಹಿಂದೆ ಸರಿಯಿತು. ಸುದ್ದಿ ಎಲ್ಲ ಕಡೆ ಹಬ್ಬಿತು. ಇರ್ಫಾನ್ ಹೊಟ್ಟೆ ಹಿಡಿದುಕೊಂಡು ನಗುತ್ತ, "ಕುಂಟ ಕುದರಿ ಗಂಟ ಹಾಕಾಕ ಬಂದಿದ್ರು ನೋಡ್ರಿ ಕಾಕಾ" ಎಂದ. ಕಾಕಾ ಚಹಾದ ಗ್ಲಾಸು ಕೆಳಗಿಟ್ಟರು. "ಒಲ್ಲೆ ಅನ್ರಿ. ಅನ್ನಾಕ ನಿಮಗ ಹಕ್ಕೈತಿ. ಆದ್ರ ಊರ ಮುಂದ ಅವನ ಮೊಣಕಾಲು ಬಿಚ್ಚಿ ತೋರಸೂದು ಯಾವ ಮನಿತನಸ್ಥರು ಮಾಡೂ ಕೆಲಸ?" ಎಂದು ಎದ್ದು ಹೊರಟೇಬಿಟ್ಟರು. ಇರ್ಫಾನ್ ಪಿಳಿಪಿಳಿ ನೋಡುತ್ತ ನಿಂತ. ಅವನಿಗೆ ಕಾರಣ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಆಗಷ್ಟೇ ನನ್ನ ತಂಗಿ ಸವಿತಾಳಿಗೆ ಕಾಕಾ ಕೂಡಿಸಿದ್ದ ಸಂಬಂಧ ಮುರಿದುಬಿದ್ದಿತ್ತು. ಚಿಕ್ಕವಳಿದ್ದಾಗ ಅವಳ ಹೃದಯಕ್ಕೆ ಆಪರೇಶನ್ ಆಗಿದೆ. ಈಗ ಏನೂ ತೊಂದರೆಯಿಲ್ಲ, ಮೂರು ಮಹಡಿ ಹತ್ತಿ ಶಾಲೆಯಲ್ಲಿ ಪಾಠ ಮಾಡಿ ಬರುತ್ತಾಳೆ. ಕಾಕಾ ಹೇಳದೆ ಬಿಟ್ಟಿದ್ದ ಆ ಸಂಗತಿ ನಿಶ್ಚಯದ ಸೀರೆ ತಂದಾದ ಮೇಲೆ ಗಂಡಿನವರಿಗೆ ಯಾರಿಂದಲೋ ತಿಳಿಯಿತು, ಅವರು ಬೇಡವೆಂದರು. ಕಾಕಾ ಮಾತು ಹೊರಗೆ ಬೀಳಲು ಬಿಡಲಿಲ್ಲ. "ತಪ್ಪು ನಂದರಿ, ಸರಿಯಿಲ್ಲದ ಮನಿ ತೋರಿಸಿದ್ದೆ, ಹೆಣ್ಣಿನವರು ಒಲ್ಲೆ ಅಂದ್ರು" ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದರು. ಆ ಗಂಡಿನ ಕಡೆಯ ಬಳಗವೆಲ್ಲ ಅವರಿಗೆ ಬಾಗಿಲು ಮುಚ್ಚಿತು. ನಾವು ಮನೆಮಂದಿ ಅವರ ಕಾಲಿಗೆ ಬೀಳುವುದೊಂದು ಬಾಕಿ. ಸವಿತಾ ಮಾತ್ರ ಒಂದು ದಿನ ಅವರೆದುರು ಕೂತು ನೇರವಾಗಿ ಕೇಳಿಬಿಟ್ಟಳು.

"ಕಾಕಾ, ನನ್ನ ಆಪರೇಶನ್ ಯಾಕ ಮುಚ್ಚಿಟ್ರಿ? ನಾ ಏನ್ ಕಳವು ಮಾಡೇನೇನ್ರಿ? ಮುಚ್ಚಿಡಂತ ನಾ ಹೇಳಿರಲಿಲ್ಲ. ನನ್ನ ಯಾರೂ ಕೇಳಲೇ ಇಲ್ಲ."

ಅವ್ವ ಅವಳನ್ನು ಗದರಿಸಿದಳು. ಕಾಕಾ ತಡೆದರು. "ಖರೇ ಐತ್ವಾ. ಇಷ್ಟು ವರ್ಷ ಎಲ್ಲಾರ ಅಪ್ಪಗೋಳನ್ನ ಕೇಳೇನಿ. ಹುಡುಗ್ಯಾರು ನಿಮ್ಮನ್ನ ಕೇಳಿಲ್ಲ" ಎಂದರು.

ಆಮೇಲೆ ಅವರ ಪದ್ಧತಿಯೇ ಬದಲಾಯಿತು. ಸವಿತಾಳ ಆಪರೇಶನ್ನಿನ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳತೊಡಗಿದರು. ಕೆಲವರು ಚಹಾ ಸಹ ಕೊಡದೆ ಕಳಿಸಿದರಂತೆ. ಪ್ರತಿ ಸಲ ಸವಿತಾಳಿಗಿಂತ ಅವರೇ ಹೆಚ್ಚು ನೊಂದು ಬರುತ್ತಿದ್ದರು. ಗ್ಯಾರೇಜಿನಲ್ಲೂ ಹೊಸ ಪ್ರಶ್ನೆ ಹುಟ್ಟಿಕೊಂಡಿತು: "ಆ ಹುಡುಗಗ ನಮ್ಮಲ್ಲಿ ಬರಾಕ ಮನಸೈತೇನು?" ಇರ್ಫಾನ್ ನಕ್ಕ. "ಅಷ್ಟ್ ರೊಕ್ಕಾ ಕೊಟ್ರ ಯಾರ್ ಒಲ್ಲೆ ಅಂತಾರ್ರಿ ಕಾಕಾ?" ಕಾಕಾ ಮಾತ್ರ ನಗಲಿಲ್ಲ. "ನೀ ಕೇಳಿ ನೋಡಿಯೇನು?" ಎಂದರು.

ಹೋದ ವರ್ಷ ಅಣ್ಣಿಗೇರಿಯ ಒಂದು ಮನೆತನ ಎಲ್ಲ ಕೇಳಿ ತಿಳಿದೇ ಒಪ್ಪಿಕೊಂಡಿತು. ಹುಡುಗನಿಗೆ ಅಲ್ಲಿ ಪಂಪ್‌ಸೆಟ್ ಅಂಗಡಿ, ಮಾತು ಮೆತ್ತಗೆ. ನಮ್ಮ ಮನೆಯಲ್ಲಿ ಹಬ್ಬದ ಕಳೆ. ಸವಿತಾ ಮಾತ್ರ ವಿಚಾರ ಮಾಡಲು ಸ್ವಲ್ಪ ದಿನ ಕೇಳಿದಳು. ಅಷ್ಟರಲ್ಲಿ ಕಾಕಾ ಹಾಸಿಗೆ ಹಿಡಿದರು. ನಾನು, ಇರ್ಫಾನ್ ನೋಡಲು ಹೋದೆವು. ಟೀಮಿಗೆ ಯಾರ್ಯಾರು ಬಂದರು ಎಂದು ಇರ್ಫಾನ್ ಹೇಳುತ್ತಿದ್ದರೆ ಕಣ್ಣು ಮುಚ್ಚಿಕೊಂಡೇ ಹೂಂಗುಟ್ಟಿದರು. ಹೊರಡುವಾಗ ನನ್ನ ಕೈ ಹಿಡಿದು, "ಆಕಿಗೆ ಯಾರೂ ಅವಸರ ಮಾಡಬ್ಯಾಡ್ರಿ. ಒಲ್ಲೆ ಅಂದ್ರ ನಾ ಹೋಗಿ ಹೇಳಿ ಬರ್ತೇನಿ, ನೀವು ಚಿಂತಿ ಮಾಡಬ್ಯಾಡ್ರಿ" ಎಂದರು. ಆ ವಾರವೇ ತೀರಿಕೊಂಡರು.

ಸವಿತಾ ಒಲ್ಲೆ ಎಂದಳು. "ಹುಡುಗ ಛಲೋ ಅದಾನ, ನನಗ ಮನಸಿಲ್ಲ." ಅವ್ವ ಅತ್ತಳು. ಅಪ್ಪ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದೆಂದು ನಾನೇ ಅಣ್ಣಿಗೇರಿಗೆ ಹೋದೆ. ಅವರ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ತೊದಲುತ್ತ ಹೇಳಿದೆ. ಇದನ್ನು ಕಾಕಾ ಹೇಗೆ ಹೇಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಹುಡುಗನ ತಂದೆ ಮುಖ ತಿರುಗಿಸಿ ಒಳಗೆ ಹೋದರು. ಹುಡುಗ ಮಾತ್ರ ಬಸ್‌ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದ. ಅಲ್ಲಿ ನಿಂತು ಹೇಳಿದ:

"ಕಾಕಾ ಮೊದಲನೇ ದಿನಾನ ನನ್ನ ಬದಿಗೆ ಕರದು ಕೇಳಿದ್ರು. 'ತಮ್ಮಾ, ಹುಡುಗಿ ಒಲ್ಲೆ ಅಂದ್ರ ತಡಕೋತಿಯೇನು? ತಡಕೊಳ್ಳೂದಾದ್ರ ಅಷ್ಟ ಕರಕೊಂಡು ಹೋಗ್ತೇನಿ' ಅಂತ. ಹೂಂ ಅಂತ ಮಾತು ಕೊಟ್ಟಿದ್ದೆ. ನಿಮ್ಮ ತಂಗಿಗೆ ಮನಸಿಗೆ ಹಚ್ಚಿಕೋಬ್ಯಾಡ ಅಂತ ಹೇಳ್ರಿ."

ಹುಬ್ಬಳ್ಳಿ ಬಸ್ಸು ಬಂತು. ಕಾಕಾರ ಮಣ್ಣಿಗೆ ಹೋದಾಗ ನನಗೆ ಕಣ್ಣೀರು ಬಂದಿರಲಿಲ್ಲ. ಆ ಬಸ್ಸಿನಲ್ಲಿ, ಕಂಡಕ್ಟರ್ ಟಿಕೀಟು ಕೇಳಲು ನಿಂತಿದ್ದಾಗ, ಮಾತಾಡಲಾಗದಷ್ಟು ಅತ್ತೆ.