ಸಾಸಿವೆ ಡಬ್ಬಿಯ ಕೆಂಪು ದೀಪ

ನಾರಾಯಣಪ್ಪನವರೇ, ಆ ಕೆಂಪು ದೀಪದ ಬಲ್ಬು ಕಿತ್ತವಳು ನಾನು. ಬರೀ ಕಿತ್ತಿದ್ದರೆ ಹೋಗಲಿ ಅನ್ನಬಹುದಿತ್ತು — ನೀವು ಬಾಯಿಬಿಟ್ಟು ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಇಷ್ಟನ್ನು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು.

ನಮ್ಮ ಮನೆಯ ಹಳೇ ಬಿಳಿ ಕಾರು ನಿಮಗೆ ನೆನಪಿದ್ದೇ ಇರುತ್ತದೆ. ಮರೆಯುವ ಹಾಗೆ ನಾನು ಬಿಟ್ಟೆನೇ? ಸುಗಟೂರಿನಿಂದ ಮುಳಬಾಗಿಲಿಗೆ ಸೊಸೆಯಾಗಿ ಬಂದ ಎರಡನೇ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ, ಯಜಮಾನರು ಯಾರೋ ಬಳಸಿ ಬಿಟ್ಟ ಆ ಕಾರು ತಂದರು. ಅವರು ಕೋಲಾರದಲ್ಲಿ ಲೆಕ್ಕ ಬರೆಯುವವರು, ಭಾನುವಾರ ಮಾತ್ರ ಬಿಡುವು. ಭಾನುವಾರಗಳಲ್ಲಿ ತವರಿಗೆ ಹೋಗಿಬರಬಹುದೆಂದು ನಾನು ವಾರವಿಡೀ ಒಳಗೊಳಗೇ ಕುಣಿಯುತ್ತಿದ್ದೆ.

ಆದರೆ ಅತ್ತೆ ಇದ್ದರಲ್ಲ! ಕೀ ತಿರುಗಿಸಿದ ಕೂಡಲೇ ಮೀಟರಿನ ಪಕ್ಕ ಬ್ಯಾಟರಿಯ ಕೆಂಪು ದೀಪ ಹತ್ತುತ್ತಿತ್ತು, ಇಂಜಿನ್ ಶುರುವಾದರೆ ಆರುತ್ತಿತ್ತು. ಅದು ನೆಟ್ಟಗಿರುವ ಕಾರಿನ ಲಕ್ಷಣವೇ. ಅತ್ತೆಗೆ ಮಾತ್ರ ಅದು ಹೊರಡುವಾಗ ಯಾರೋ ಒಂಟಿ ಸೀನು ಸೀನಿದ ಹಾಗೆ. ಎಲ್ಲರೂ ಇಳಿಯಬೇಕು, ಒಳಗೆ ಹೋಗಿ ನೀರು ಕುಡಿಯಬೇಕು, ಒಂದು ಗಳಿಗೆ ಕೂತು ಮತ್ತೆ ಬರಬೇಕು. ಬಂದು ಕೀ ತಿರುಗಿಸಿದರೆ — ಮತ್ತೆ ದೀಪ! ಒಂದು ಭಾನುವಾರವಂತೂ ಐದು ಸಲ ಇಳಿದು ಐದು ಲೋಟ ನೀರು ಕುಡಿದೆವು. ಹೊಟ್ಟೆ ಗುಳುಗುಳು ಅನ್ನುತ್ತಿತ್ತು. ಕೊನೆಗೆ ಅತ್ತೆ, ಇವತ್ತು ಯಾಕೋ ಬೇಡ ಅಂದರು. ಸುಗಟೂರು ಅಲ್ಲಿಗೇ ಮುಗಿಯಿತು.

ಮುಂದಿನ ಶನಿವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಡ್ಯಾಶ್‌ಬೋರ್ಡಿನ ಹಿಂದಕ್ಕೆ ಕೈ ತೂರಿಸಿ ಬಲ್ಬು ಕಿತ್ತು ಸಾಸಿವೆ ಡಬ್ಬಿಗೆ ಹಾಕಿದೆ. ಮರುದಿನ ದೀಪ ಬರಲಿಲ್ಲ. ಅತ್ತೆ ಮನೆದೇವರಿಗೆ ಕೈಮುಗಿದರು. ಯಜಮಾನರೂ ಏನೂ ಕೇಳಲಿಲ್ಲ — ಲೆಕ್ಕದವರಿಗೆ ಕೆಂಪು ಕಾಣದಿದ್ದರೆ ಅಷ್ಟೇ ಸಾಕು. ಅಯ್ಯೋ, ಆ ದಿನದ ಸಂತೋಷ! ದಾರಿಯುದ್ದಕ್ಕೂ ಅತ್ತೆಯೇ ಹಾಡು ಹೇಳಿದರು. ಅಮ್ಮ ಹಿತಕಿದಬೇಳೆ ಸಾರು ಮಾಡಿ ಕಾದಿದ್ದಳು. ಈಗಲೂ ನೆನೆದರೆ ನಗು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆ ನಗುವಿಗೆ ದಂಡ ತೆತ್ತವರು ನೀವು.

ಬುಧವಾರಕ್ಕೆ ಬ್ಯಾಟರಿ ಸತ್ತಿತು. ನಿಮ್ಮನ್ನು ಕರೆಸಿದೆವು. ಊರಿನಲ್ಲಿ ನಿಮಗಿದ್ದ ಹೆಸರು ಎಂಥದ್ದು! ಇಪ್ಪತ್ತು ವರ್ಷದಲ್ಲಿ ಒಂದು ಗಾಡಿಯನ್ನೂ ನನ್ನ ಕೈಲಾಗದು ಎಂದು ಕೋಲಾರಕ್ಕೆ ಕಳಿಸಿದವರಲ್ಲ. ಬಾನೆಟ್ ಎತ್ತಿ, ಅಂಗಡಿಯಿಂದ ತಂದ ಬೇರೆ ಬ್ಯಾಟರಿ ಜೋಡಿಸಿ, ಕೀ ಹಾಕಿಸಿ, ಬ್ಯಾಟರಿಗೆ ಚಾರ್ಜು ತುಂಬುವ ಆಲ್ಟರ್ನೇಟರಿನ ಬೆನ್ನಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ, ಅಯಸ್ಕಾಂತದ ಹಾಗೆ ಎಳೆಯುತ್ತದೋ ಎಂದು ನೋಡಿದಿರಿ. ಎಳೆಯಲಿಲ್ಲ. ‘ಏಮಿರಾ ನೀ ಕಥ’, ಏನೋ ನಿನ್ನ ಕಥೆ, ಎಂದು ತೆಲುಗಿನಲ್ಲೇ ಅದನ್ನು ವಿಚಾರಿಸಿಕೊಂಡಿರಿ. ನೀವು ಮಾಡದೆ ಬಿಟ್ಟದ್ದು ಒಂದೇ — ಸೀಟಿನ ಮೇಲೆ ಕೂರಲಿಲ್ಲ. ಅತ್ತೆ ಹೊಲಿಸಿದ ಬಿಳಿ ಕವರಿಗೆ ನಿಮ್ಮ ಬಟ್ಟೆಯ ಗ್ರೀಸು ತಗಲೀತೆಂದು. ಯಜಮಾನರು ಕೆಲಸಕ್ಕೆ ಹೋಗಿದ್ದರು. ಕೀ ತಿರುಗಿಸಲು ನನ್ನನ್ನೇ ಕೂರಿಸಿದ್ದಿರಿ. ಬಾನೆಟ್ಟಿನ ಆಚೆಯಿಂದ ಕೇಳಿದಿರಿ:

“ಅಮ್ಮಾ, ಕೀ ಹಾಕ್ದಾಗ ಕೆಂಪು ದೀಪ ಬರ್ತದಾ?”

ಅತ್ತೆ ಬಾಗಿಲಲ್ಲೇ ನಿಂತಿದ್ದರು.

“ಬರತ್ತೆ,” ಅಂದೆ.

ಅಷ್ಟೇ. ನೀವು ನಂಬಿದಿರಿ. ಮನೆ ಹೆಣ್ಣುಮಗಳು ಯಾಕೆ ಸುಳ್ಳು ಹೇಳುತ್ತಾಳೆ? ಬೆಲ್ಟು ಬದಲಿಸಿದಿರಿ, ವೈರುಗಳನ್ನೆಲ್ಲ ಉಜ್ಜಿ ಬಿಗಿದಿರಿ, ಆಲ್ಟರ್ನೇಟರನ್ನು ಎರಡು ಸಲ ಅಂಗಡಿಗೆ ಹೊತ್ತೊಯ್ದು ಬಿಚ್ಚಿ ಜೋಡಿಸಿದಿರಿ. ಆ ಕಳ್ಳ ಕಾರು ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಾರ್ಜಾಗುತ್ತಿತ್ತು, ನಿಮ್ಮ ಮುಖ ಅರಳುತ್ತಿತ್ತು. ಯಜಮಾನರು ನಿಧಾನಕ್ಕೆ ಓಡಿಸಿದರೆ ಮತ್ತೆ ಇಲ್ಲ. ಮೂರು ವಾರ ಹೀಗೆ. ಕೊನೆಯ ದಿನ ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಅಂದಿರಿ: “ನನ್ ಕೈಲಾಗ್ಲಿಲ್ಲಮ್ಮಾ. ಕೋಲಾರಕ್ಕೆ ಕಳ್ಸಿ.”

ಆಗಲಾದರೂ ಬಾಯಿ ಬಿಡಬೇಕಿತ್ತು — ಬಿಡಲಿಲ್ಲ. ಕೋಲಾರದವನು ಸೀಟಿನ ಮೇಲೆ ಕೂತು ನೋಡಿಬಿಟ್ಟರೆ ಎಂಬ ಭಯಕ್ಕೆ, ಹೊರಡುವ ಮುಂಚೆ ಬಲ್ಬನ್ನು ಇದ್ದಲ್ಲೇ ಸಿಕ್ಕಿಸಿದೆ. ಅಲ್ಲಿಯವನು ಒಂದು ವೈರು ಬಿಗಿ ಮಾಡಿದ, ಕಾರು ಸೊಗಸಾಗಿ ಚಾರ್ಜಾಯಿತು. ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದ ಮೊದಲ ಕರೆಂಟು ಆ ಪುಟ್ಟ ಬಲ್ಬಿನ ಮೂಲಕವೇ ಹೋಗುತ್ತದೆ ಎಂದು ಅವನು ಯಜಮಾನರಿಗೆ ವಿವರಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಾನು ಬೆವೆತುಹೋದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಆಯಿತು ನಿಮ್ಮ ಪಾಡು. ಅತ್ತೆ ಊರೆಲ್ಲ ಕೋಲಾರದವನ ಕೈಗುಣ ಹೊಗಳಿದರು. ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಚಾರ್ಜಿಂಗ್ ಎಂಬ ಅಕ್ಷರಗಳ ಮೇಲೆ ಬಣ್ಣ ಬಳಿದದ್ದನ್ನು ನಾನೇ ಕಂಡೆ. ಹಾರ್ನು, ಹೆಡ್‌ಲೈಟು ಅಷ್ಟೇ ಉಳಿಯಿತು. ಚಾರ್ಜಾಗದ ಗಾಡಿ ಬಂದರೆ ನೀವೇ ಕೋಲಾರದ ದಾರಿ ತೋರಿಸುತ್ತೀರಂತೆ, ಇವತ್ತಿಗೂ.

ಇನ್ನು ಆ ದೀಪ? ಕಾರು ವಾಪಸು ಬಂದ ಮೇಲಿನ ಭಾನುವಾರ ದೀಪ ಕಂಡ ಕೂಡಲೇ ಅತ್ತೆ ಇಳಿಯಲು ಬಾಗಿಲು ತೆರೆದರು. ಊರಿಗೆ ಹೊರಡುವಾಗ ದೇವರಿಗೆ ದೀಪ ಹಚ್ಚೋದಿಲ್ಲವೇ, ಕಾರೂ ಹಚ್ಚುತ್ತೆ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅತ್ತೆ ಯೋಚಿಸಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಆ ದೀಪಕ್ಕೆ ಕೈಮುಗಿಯುತ್ತಾರೆ, ಪಕ್ಕದಲ್ಲಿ ಒಂದು ಚಿಟಿಕೆ ಕುಂಕುಮ ಬೇರೆ! ಈ ಮಾತು ಆ ಶನಿವಾರವೇ ಹೊಳೆದಿದ್ದರೆ — ಹೊಳೆಯಲಿಲ್ಲ. ಕೈ ಮುಂದಾಯಿತು.

ಮೊನ್ನೆ ಅತ್ತೆಗೆ ಎಲ್ಲ ಹೇಳಿದೆ. ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಐದು ಲೋಟ ನೀರು ನೆನೆಸಿಕೊಂಡು. ಆಮೇಲೆ ತಟ್ಟನೆ ನಿಲ್ಲಿಸಿ, “ನಾರಾಯಣಪ್ಪಂಗೆ ಹೇಳಿದ್ಯೇನೇ? ನನಗೆ ಹೇಳಿ ಏನು ಬಂತು?” ಅಂದರು. ಎದ್ದು ಹೋಗಿ ತಾವೇ ಸೀಟಿನ ಬಿಳಿ ಕವರು ಕಳಚಿ ಒಗೆಯಲು ಹಾಕಿದರು.

ಬರುವ ಭಾನುವಾರ ಅತ್ತೆ, ನಾನು ಇಬ್ಬರೂ ನಿಮ್ಮ ಅಂಗಡಿ ಮುಂದೆ ಕಾರು ನಿಲ್ಲಿಸುತ್ತೇವೆ. ಇಲ್ಲಿ ಬರೆದದ್ದನ್ನೆಲ್ಲ ನಾಲ್ಕು ಜನರೆದುರು ಬಾಯಲ್ಲೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಗ್ರೀಸು ಬಟ್ಟೆಯಲ್ಲೇ ಬಂದು, ನೀವೇ ಸೀಟಿನ ಮೇಲೆ ಕೂತು ಕೀ ತಿರುಗಿಸಿ. ದೀಪ ಬರುತ್ತದೋ ಇಲ್ಲವೋ, ಈ ಸಲ ನನ್ನನ್ನು ಕೇಳಬೇಡಿ.