ಹೊನ್ನೂರಮ್ಮನಿಗೆ ನಡೆಯಲು ಬೀದಿಯೇ ಇಲ್ಲದ ಊರು

ಮೊದಲು ಹೊನ್ನೂರಮ್ಮನ ದನಿ ಬರುತ್ತದೆ, ಆಮೇಲೆ ಹೊನ್ನೂರಮ್ಮ ಬರುತ್ತಾಳೆ. ಬ್ರೂಸ್‌ಪೇಟೆಯ ನಮ್ಮ ಬೀದಿಯಲ್ಲಿ ಮುಂಜಾನೆ ಒಲೆಯ ಮೇಲೆ ಹಾಲಿಟ್ಟವರು ಆ ದನಿ ಕೇಳಿಯೇ ಪಾತ್ರೆ ಇಳಿಸುವುದು. "ವಿಜಯಾಬಾಯೀ! ತಲಿ ಬಾಚಿದ್ದು ಸಾಕು, ಸಾಲಿಗಿ ನಡೀ!" ಎಂದು ಅವಳು ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಜುಟ್ಟು ಬಾಚುತ್ತ ಕುಳಿತ ಗಂಡಸರೂ ಬಾಚಣಿಗೆ ಕೆಳಗಿಡುತ್ತಾರೆ.

ಹೆಣ್ಣುಮಕ್ಕಳ ಶಾಲೆಗೆ ಇಂಥ ಒಬ್ಬಳು ಬೇಕೇ ಬೇಕು. ಮರ್ಯಾದಸ್ಥರ ಮನೆಯ ಹುಡುಗಿಯರು ತಾವಾಗಿ ಬೀದಿಗಿಳಿದು ಶಾಲೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ಕರೆಯುವ ಹೆಂಗಸು ಮನೆಮನೆಯ ಮುಂದೆ ನಿಂತು ಕೂಗಿ, ಕೋಳಿಮರಿಗಳಂತೆ ಅವರನ್ನು ಕೂಡಿಸಿಕೊಂಡು ಬರಬೇಕು, ಸಂಜೆ ಹಾಗೆಯೇ ಬಿಟ್ಟು ಬರಬೇಕು. ನಮ್ಮ ಮನೆಯವರು ಆ ಶಾಲೆಯ ಮೇಷ್ಟ್ರು. ಹೊಲಿಗೆ ಕಲಿಸಲು ಬೇರೆ ಯಾರೂ ಸಿಗದ್ದರಿಂದ ನಾನೂ ವಿರೂಪಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಹೋಗುತ್ತೇನೆ. ವಿರೂಪಮ್ಮ ನನ್ನ ಮಗಳು. ಈಗಷ್ಟೇ ಎರಡು ಹಲ್ಲು ಬಂದಿವೆ, ದಿನವಿಡೀ ಅವಕ್ಕೆ ಕೆಲಸ ಹುಡುಕುತ್ತಿರುತ್ತಾಳೆ.

ಹೊನ್ನೂರಮ್ಮ ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಪ್ಪ ಹೊಳೆ ದಾಟಿಸುವ ಹರಿಗೋಲಿನವನು. ಅವನು ಆಚೆ ದಡದಲ್ಲಿ ಚುಟ್ಟಾ ಸೇದುತ್ತ ಮೈಮರೆತರೆ ಈಚೆ ದಡದಿಂದ ಕೂಗಿ ಕರೆಯುವುದು ಮಗಳ ಕೆಲಸವಾಗಿತ್ತು. ತುಂಬಿದ ಹೊಳೆಯ ಸದ್ದನ್ನು ಮೀರಿ ಬೆಳೆದ ಗಂಟಲು ಅದು. ಮದುವೆ ಮಾಡಿ ಕೊಟ್ಟದ್ದು ನನ್ನ ತವರು ಕುರುಗೋಡಿಗೆ. ಅಲ್ಲಿ ಅವರ ಮನೆಯ ಬೆನ್ನಿಗೇ ಕಲ್ಲುಗುಡ್ಡ. ಅವಳು ಗಂಡನನ್ನು ಒಂದು ಸಲ ಬೈದರೆ ಗುಡ್ಡ ಇನ್ನೊಂದು ಸಲ ಬೈಯುತ್ತಿತ್ತು. ಗಂಡ ಉಚ್ಚಂಗೆಪ್ಪ ಸಾಧು ಮನುಷ್ಯ. "ಒಬ್ಬಾಕಿನ್ನ ಕಟ್ಕೊಂಡೀನಿ ಅಂದ್ಕೊಂಡಿದ್ನಲ್ಲೇ, ನೀವು ಇಬ್ರು ಅದೀರಿ" ಎಂದವನೇ ಗಂಟು ಮೂಟೆ ಕಟ್ಟಿ ಬಳ್ಳಾರಿಗೆ ಬಂದ. ಬಳ್ಳಾರಿಯ ಗುಡ್ಡ ಸರ್ಕಾರದ್ದು, ಅದು ಬಡವರ ಮನೆಯ ಜಗಳಕ್ಕೆ ಓಗೊಡುವುದಿಲ್ಲ ಎಂಬುದು ಅವನ ನಂಬಿಕೆ.

ಅವಳಿಗೆ ಈ ಕೆಲಸ ಸಿಕ್ಕಿದ್ದೂ ಗಂಟಲಿನಿಂದಲೇ. ತಪ್ಪಿಸಿಕೊಂಡ ಎಮ್ಮೆಯನ್ನು ಶಾಲೆಯ ಹತ್ತಿರ ನಿಂತು ಕೂಗಿದಳಂತೆ. ಎಮ್ಮೆಯೂ ಬಂತು, ಒಳಗಿದ್ದ ಹುಡುಗಿಯರೂ ಎದ್ದು ಬಂದರು. ಅಂದೇ ಅವಳನ್ನು ಸೇರಿಸಿಕೊಂಡರು. ಅಂದಿನಿಂದ ಅವಳು ನಡೆಯುವುದೇ ಬೇರೆ ರೀತಿ. ಹಿಂದೆ ಹುಡುಗಿಯರ ಸಾಲು, ಮುಂದೆ ಇವಳು. ಎದುರಿಗೆ ಎತ್ತಿನ ಬಂಡಿ ಬಂದರೆ ಬಂಡಿಯೇ ಪಕ್ಕಕ್ಕೆ ಸರಿಯಬೇಕು.

ವಿಜಯ ಸಂವತ್ಸರದ ಕಾರ್ತಿಕದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುವುದೆಂದಾಯಿತು. ನಮ್ಮ ಮನೆಯವರು ದೊಡ್ಡ ತರಗತಿಯ ನಾಲ್ಕು ಹುಡುಗಿಯರನ್ನು ಕೂರಿಸಿ, "ಯಾವ ಕೊರತೆಯೂ ಇಲ್ಲದ ಊರು ಹೇಗಿರಬೇಕು? ನಾಲ್ವರೂ ಕೂಡಿ ಯೋಚಿಸಿ, ಮಣ್ಣಿನಲ್ಲಿ ಕಟ್ಟಿ ತೋರಿಸಿರಿ" ಎಂದರು. ಕೆರೆಯ ಜೇಡಿಮಣ್ಣು ತರಿಸಿ, ಒಂದು ಹಲಗೆಯನ್ನೂ ಕೊಟ್ಟರು.

"ಮೊದ್ಲು ಬೀಸೋ ಕಲ್ಲಿಗೆ ಎತ್ತು ಕಟ್ಟೋಣು" ಎಂದಳು ಕೊಟ್ರಮ್ಮ. "ಎತ್ತು ಗಾಣ ತಿರುಗಿಸ್ತೈತಿ, ಜ್ವಾಳ ಬೀಸಾಕ ಅದಕ್ಕೇನು ದಾಡಿ?"

"ಅತ್ತೆಂದಿರಿಗೆಲ್ಲ ಒಂದೇ ಓಣಿ" ಎಂದಳು ವಿಜಯಾಬಾಯಿ. "ಒಬ್ಬರ ಸಾರಿನಾಗ ಒಬ್ಬರು ತಪ್ಪು ಹುಡುಕ್ಲಿ."

ನಾನು ಸೆರಗು ಬಾಯಿಗೊತ್ತಿ ನಕ್ಕೆ. ನಕ್ಕ ಮೇಲೆ ಆ ಓಣಿಗೆ ಹತ್ತಿರದಲ್ಲೇ ಬಾವಿ ತೋಡಿರೆಂದೆ, ನಮ್ಮತ್ತೆಗೆ ಮಂಡಿನೋವು.

ಕಚೇರಿಯನ್ನೂ ಕಟ್ಟಿದ್ದರು. ವಿರೂಪಮ್ಮ ಅದನ್ನು ತಿಂದಳು. ಬಾಯಿಗೆ ಬೆರಳು ಹಾಕಿದ್ದಕ್ಕೆ ಬಾಗಿಲು ಮಾತ್ರ ಸಿಕ್ಕಿತು, ಮಿಕ್ಕದ್ದು ಒಳಗೆ ಹೋಗಿತ್ತು. ನಾನು ಬಜೆ ತೇಯ್ದು ನೆಕ್ಕಿಸಿದೆ. ಹುಡುಗಿಯರು ತಮ್ಮೊಳಗೆ ಮಾತಾಡಿಕೊಂಡು, ಕಚೇರಿ ಇಲ್ಲದಿದ್ದರೇ ಊರು ಚೆಂದವೆಂದು ಅದನ್ನು ಹಾಗೆಯೇ ಬಿಟ್ಟರು.

ಕೊನೆಗೆ ನಡುಮಧ್ಯೆ ಶಾಲೆ ಇಟ್ಟು, ಸುತ್ತಲೂ ತಮ್ಮ ಮನೆಗಳನ್ನು ಗೋಡೆಗೆ ಗೋಡೆ ತಾಗುವಂತೆ ಕೂರಿಸಿದರು. ಅಷ್ಟರಲ್ಲಿ ಹೊನ್ನೂರಮ್ಮ ಬಂದು ಬಗ್ಗಿ ನೋಡಿದಳು.

"ನಮ್ಮ ಮನಿ ಹೊಸ್ತಿಲ ದಾಟಿದ್ರ ಸಾಲಿ, ನೋಡು ಹೊನ್ನೂರವ್ವ!" ಎಂದು ಕೊಟ್ರಮ್ಮ ಕುಣಿದಳು.

"ಹಂಗಾದ್ರ ನಾ ಎಲ್ಲಿ ನಡೀಲಿ?"

"ನೀ ಯಾಕ ನಡೀತಿ? ನಮ್ಮೂರಾಗ ನಿನಗ ಕೆಲಸಾನ ಇಲ್ಲ. ಕಾಲು ಚಾಚ್ಕೊಂಡು ಸುಖವಾಗಿ ಕೂಡು."

ಹುಡುಗಿ ಪ್ರೀತಿಯಿಂದಲೇ ಹೇಳಿದ್ದು. ಹೊನ್ನೂರಮ್ಮ ಹಲಗೆಯ ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ಗಂಟಲಿನಿಂದ ಅಷ್ಟು ಮೆಲ್ಲನೆಯ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸಾಹೇಬ್ರು ಇದನ್ನ ನೋಡ್ತಾರನು?"

"ಹೂಂ, ನಾಡಿದ್ದು."

"ನೋಡಿ ಚಲೋ ಐತಿ ಅಂದ್ರ?"

"ಅಂದ್ರ ನಮ್ಮ ಮೇಷ್ಟ್ರಿಗೆ ಹೆಸರು!"

ಸಾಹೇಬರು ಬರುವ ದಿನ ಬೀದಿಯಲ್ಲಿ ಎಲ್ಲರ ಮನೆಯ ಹಾಲೂ ಉಕ್ಕಿ ಒಲೆ ಆರಿತು. ಯಾರೂ ಕೂಗಿರಲಿಲ್ಲ. ನಾನು ಶಾಲೆಗೆ ಹೋದರೆ ಒಬ್ಬ ಹುಡುಗಿಯೂ ಇಲ್ಲ. ಹಲಗೆಯ ಮೇಲೆ ಯಾವ ಕೊರತೆಯೂ ಇಲ್ಲದ ಊರು, ಅದರ ಪಕ್ಕದಲ್ಲಿ ಬೆವರುತ್ತಿರುವ ಮೇಷ್ಟ್ರು. ಹೊರಗೆ ಸಾಹೇಬರ ಕುದುರೆಬಂಡಿ ನಿಂತ ಸದ್ದಾಯಿತು. ನಮ್ಮ ಮನೆಯವರು ನನ್ನ ಮುಖ ನೋಡಿದರು. ನಾನು ಮಗಳನ್ನು ಬಗಲಿಗೇರಿಸಿ ಹಿತ್ತಲ ಬಾಗಿಲಿನಿಂದ ಓಡಿದೆ.

ಹೊನ್ನೂರಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು.

"ಏನು ಮಾಡಾಕ ಹತ್ತೀ, ಹೊನ್ನೂರವ್ವ?"

"ರೂಢಿ ಮಾಡ್ಕೊಳ್ಳಾಕ ಹತ್ತೀನಿ."

"ಏನನ್ನ?"

"ಸುಖಾನ."

ಒಳಗಿಂದ ಉಚ್ಚಂಗೆಪ್ಪ ಕೈಮುಗಿದುಕೊಂಡೇ ಬಂದ. "ಮುಂಜಾನಿಯಿಂದ ನನಗ ಸುಖ ಇಲ್ಲ ತಾಯಿ. ಯಾರೂ ಸಿಗದ್ದಕ್ಕ ನನ್ನನ್ನ ಕೂಗಾಕ ಹತ್ಯಾಳ. ಎದುರಿಗೇ ನಿಂತೀನಿ, ಆದ್ರೂ ಕೂಗ್ತಾಳ! ಕರ್ಕೊಂಡು ಹೋಗ್ರಿ."

"ನೀ ಸುಮ್ಕಿರು" ಎಂದು ಅವನನ್ನು ಗದರಿಸಿ ಹೊನ್ನೂರಮ್ಮ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. "ಗುರುಬಸವ್ವ, ಸಾಹೇಬ್ರು ಆ ಊರು ಕಟ್ಟಿಸಿಬಿಟ್ರ ನನ್ನನ್ನ ಯಾರು ಕೇಳ್ತಾರ? ಹಿಂದ ಹುಡುಗ್ಯಾರು ಇಲ್ದಿದ್ರ ನಾ ಬರೀ ಬೀದ್ಯಾಗ ಒದರೋ ಮುದುಕಿ."

"ಅಯ್ಯ, ಅದು ಬರೀ ಮಣ್ಣು! ನನ್ನ ಮಗಳು ಅದರ ಕಚೇರೀನ ತಿಂದಾಳ."

"ರೈಲೂ ಮೊದ್ಲು ಬರೀ ಕಾಗದಾನ ಇತ್ತು. ದೊರಿಗೋಳು ಗೆರಿ ಎಳಕೊಂತ ಕುಂತಿದ್ರು. ಆಮ್ಯಾಲೆ ಬಂತಿಲ್ಲ?"

ರೈಲು ಬಂದದ್ದು ನಿಜ. ಮಗಳು ಬೇರೆ ನನ್ನ ತಾಳಿ ಕಚ್ಚಿ ಎಳೆಯುತ್ತಿದ್ದಳು. "ಮಣ್ಣು ಇನ್ನೂ ಹಸಿ ಐತಿ" ಎಂದೆ. "ಬಾ, ನಿನಗೊಂದು ಬೀದಿ ಹಾಕೋಣು."

ಅವಳ ಚಾಚಿದ ಕಾಲು ಒಂದಿಷ್ಟು ಮಡಿಚಿತು. "ಎಷ್ಟುದ್ದ?"

"ನೀ ಹೇಳಿದಷ್ಟು."

"ಸೊಟ್ಟ ಇರಬೇಕು. ನೆಟ್ಟಗಿದ್ರ ಒಂದೇ ಕೂಗಿಗೆ ಎಲ್ಲಾರೂ ಬಂದ್ಬಿಡ್ತಾರ."

"ಸೊಟ್ಟಗೇ ಹಾಕೋಣು."

"ಕೊನಿಗಿ ಒಂದು ಗುಡ್ಡ."

"ಗುಡ್ಡ ಬ್ಯಾಡ್ರೀ ತಾಯಿ!" ಎಂದು ಉಚ್ಚಂಗೆಪ್ಪ ಅಂಗಲಾಚಿದ.

ಹೊನ್ನೂರಮ್ಮ ಎದ್ದು ಸೆರಗು ಸಿಕ್ಕಿಸಿ ಬೀದಿಗಿಳಿದಳು. ಆ ದಿನದ ಕೂಗಿಗೆ ಹುಡುಗಿಯರಷ್ಟೇ ಅಲ್ಲ, ಎರಡು ಎಮ್ಮೆಗಳೂ ಬಂದವು. ಎಲ್ಲರನ್ನೂ ಸಾಲಾಗಿ ನಡೆಸಿಕೊಂಡು ಅವಳು ಸಾಹೇಬರ ಎದುರಿಗೇ ಒಳಗೆ ಬಂದಳು. ಎಮ್ಮೆಗಳನ್ನು ಮಾತ್ರ ನಾನು ಬಾಗಿಲಲ್ಲಿ ತಡೆದೆ.

ನಾನು ವಿಷಯವನ್ನು ಹುಡುಗಿಯರ ಕಿವಿಯಲ್ಲಿ ಹೇಳಿದ್ದೇ ತಡ, ಅವರು ಸಾಹೇಬರು ನೋಡುತ್ತಿರುವಂತೆಯೇ ತಮ್ಮ ಮನೆಗಳನ್ನು ಕಿತ್ತು ಹಲಗೆಯ ಮೂಲೆಮೂಲೆಗೆ ಒಯ್ದರು. ಹಾವಿನಂಥ ಒಂದು ಬೀದಿ ಹುಟ್ಟಿತು. ಶಾಲೆ ಊರಾಚೆ ಹೋಯಿತು. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು.

"ಎಲ್ಲರೂ ಶಾಲೆಯನ್ನು ಊರ ನಡುವೆ ಇಡುತ್ತಾರೆ. ನೀವು ಯಾಕಮ್ಮ ಇಷ್ಟು ದೂರ ಇಟ್ಟಿರಿ?" ಎಂದು ಸಾಹೇಬರು ಕೇಳಿದರು.

"ಹತ್ತಿರ ಇಟ್ರೆ ನಮ್ಮ ಹೊನ್ನೂರವ್ವಗ ಮುಪ್ಪು ಬರ್ತದ್ರೀ" ಎಂದಳು ವಿಜಯಾಬಾಯಿ.

ಸಾಹೇಬರು ಹೊನ್ನೂರಮ್ಮನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. ಅವರ ಮನೆಯಲ್ಲೂ ಅಂದು ಹಾಲು ಉಕ್ಕಿತ್ತೋ ಏನೋ. "ಕಚೇರಿ ಎಲ್ಲಿ?" ಎಂಬ ಅವರ ಮುಂದಿನ ಪ್ರಶ್ನೆಗೆ ಎಲ್ಲರೂ ನನ್ನ ಮಗಳ ಕಡೆ ನೋಡಿದರು.

ಸಾಹೇಬರು ಹೋದ ಮೇಲೆ ಹೊನ್ನೂರಮ್ಮ ಚಿಟಿಕೆ ಮಣ್ಣಿನಲ್ಲಿ ತನ್ನದೇ ಗೊಂಬೆ ಮಾಡಿದಳು. ಬಾಯಿ ದೊಡ್ಡದು, ಕಾಲು ಅದಕ್ಕಿಂತ ದೊಡ್ಡದು. ಬೀದಿಯ ತಿರುವಿನಲ್ಲಿ ಅದನ್ನು ನಿಲ್ಲಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ವಿರೂಪಮ್ಮ ಅದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದಳು. ನಾನು ಬಾಯಿಗೆ ಬೆರಳು ಹಾಕಿ ಹುಡುಕಿದೆ. ಕಾಲೆರಡು ಸಿಕ್ಕವು.

"ಬಿಡು ಮಗಳ, ನಡಿಯಾಕ ಕಾಲು ಉಳದಾವಲ್ಲ" ಎಂದಳು ಹೊನ್ನೂರಮ್ಮ. "ಬಾಯಿ ನಿನ್ನ ಮಗಳ ಹೊಟ್ಟ್ಯಾಗಿರ್ಲಿ."

ಮಾರನೆಯ ಮುಂಜಾನೆ ಅವಳು ನಮ್ಮ ಬಾಗಿಲಿಗೆ ಬಂದು ಕೂಗಿದೊಡನೆ ತೊಟ್ಟಿಲಿನಿಂದ ವಿರೂಪಮ್ಮ ತಿರುಗಿ ಕೂಗಿದಳು. ಆಮೇಲೆ ಹೊನ್ನೂರಮ್ಮ ಇನ್ನೊಂದು ಸಲ ಕೂಗಿದಳು, ಒಳಗಿಂದ ಇನ್ನೊಂದು ಸಲ ಉತ್ತರ ಹೋಯಿತು. "ಗುಡ್ಡ! ನನ್ನ ಕುರುಗೋಡಿನ ಗುಡ್ಡ!" ಎಂದು ಹೊರಗೆ ಅವಳು ನಗತೊಡಗಿದಳು. ನಾನು ಒಲೆಯ ಮೇಲಿನ ಹಾಲು ಇಳಿಸಿದೆ.