ಗುಯ್‌ಫೆನ್‌ಳ ಎರಡು ಹಲ್ಲು

ಚಿಯಾವ್ ಗುಯ್‌ಫೆನ್‌ಗೆ ಮುಂದಿನ ಎರಡು ಹಲ್ಲಿರಲಿಲ್ಲ. ನಮ್ಮ ತಾಯ್‌ಯುವಾನ್ ಊರಿನ ಗಡಸು ನೀರೇ ಅದಕ್ಕೆ ಕಾರಣ. ಚಹಾದಲ್ಲಿ ಸುಣ್ಣದ ಹೊಪ್ಪಳೆ ತೇಲಿತೆಂದು ಗಂಡ ಕೆಟಲಿಯಿಂದಲೇ ಬಾಯಿಗೆ ಬಾರಿಸಿದ್ದ. ಆ ಪಾಪಿಯನ್ನು ಬಿಟ್ಟು ಬಂದು ಕೊಳಾಯಿ ಕೆಲಸ ಕಲಿತಳು; ಮನೆಮನೆಗೆ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಕೂರಿಸುತ್ತಲೇ ಐವತ್ತೆಂಟು ದಾಟಿದಳು. ಹನ್ನೊಂದು ವರ್ಷ ಅವಳ ಜೊತೆ ದುಡಿದವನು ನಾನು. "ಹಲ್ಲು ಕಟ್ಟಿಸ್ಕೊಳ್ಳಕ್ಕಾ" ಎಂದರೆ, "ಕಟ್ಟಿಸ್ಕೊಂಡ್ರೆ ಮರ್ತೋಗುತ್ತೆ ಕಣೋ" ಅನ್ನುತ್ತಿದ್ದಳು.

ಆ ದಿನ ಲಿಯಾಂಗ್ ಎಂಬವನ ಮನೆ. ಹಟ ಹಿಡಿದು ಸಾಫ್ಟ್‌ನರ್ ತರಿಸಿದವಳು ಅವನ ಹೆಂಡತಿ ಸುಮೇಯ್. ಅವಳ ತೋಳಿನ ಮೇಲಿನ ಬಾಸುಂಡೆ ಕಂಡ ಗುಯ್‌ಫೆನ್ ಪೈಪನ್ನು ಇನ್ನೊಂದು ಸುತ್ತು ಬಿಗಿದಳು. ನೀರು ಮೆದುವಾಗಲೆಂದು ನಾನು ಸಾಫ್ಟ್‌ನರ್‌ನ ತೊಟ್ಟಿಗೆ ಉಪ್ಪು ಸುರಿದೆ. ನೀರು ಬಿಟ್ಟದ್ದೇ ಲಿಯಾಂಗ್ ಸ್ನಾನಕ್ಕೆ ಹೋದ.

ಗಡಸು ನೀರಲ್ಲೇ ಬೆಳೆದ ಮೈಗೆ ಮೆದು ನೀರು ಮೊದಲ ದಿನ ಲೋಳೆ ಎನಿಸುತ್ತದೆ, ಸೋಪು ಹೋಗಿಲ್ಲವೆಂದು ಉಜ್ಜುತ್ತಲೇ ಇರುತ್ತಾರೆ. ಮೊದಲೇ ಹೇಳಬೇಕಾದವನು ನಾನು. ಮರೆತೆ.

ಅವನು ಟವೆಲ್ ಸುತ್ತಿಕೊಂಡು ನುಗ್ಗಿ ಬಂದ. "ಲೇ, ಎಷ್ಟು ತೊಳೆದ್ರೂ ಸೋಪು ಹೋಗ್ತಿಲ್ಲ! ಯಾವ ದರಿದ್ರ ಡಬ್ಬಾ ತಂದು ಕೂರಿಸ್ದೆ?" ಹೆಂಡತಿಯ ಕೂದಲು ಹಿಡಿದು ಗೋಡೆಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಸುರಿಯಿತು.

"ನೀರೇ ಹಂಗಿರೋದು ಕಣ್ರೀ!" ಎಂದು ಕೂಗಿದೆ. ಯಾರು ಕೇಳುತ್ತಾರೆ? ಅವನು ಒಲೆಯ ಮೇಲಿನ ಕೆಟಲಿ ಎತ್ತಿದ.

ಗುಯ್‌ಫೆನ್ ಪೈಪ್ ರೆಂಚು ಬೀಸಿದಳು. ಅವನ ಮಣಿಕಟ್ಟು ಒಣ ಪುಳ್ಳೆಯಂತೆ ಲಟಕ್ಕೆಂದಿತು. "ಎತ್ತೋ! ಇನ್ನೊಂದ್ ಕೈಲಿ ಎತ್ತು ನೋಡೋಣ!" ಎಂದು ಮೊಣಕಾಲಿಗೂ ಕೊಟ್ಟಳು. ನನಗೆ ಭಯವೂ ಆಯಿತು, ಹೊಟ್ಟೆ ತಣ್ಣಗೂ ಆಯಿತು.

ಕೂಗಾಟ ಕೇಳಿ ನೆರೆಯವರು ಪೊಲೀಸರನ್ನು ಕರೆದರು. ಗುಯ್‌ಫೆನ್ ತಾನಾಗಿಯೇ ಎರಡೂ ಕೈ ಚಾಚಿದಳು. ಇನ್ನು ಜೈಲೇ ಗತಿ ಎಂದುಕೊಂಡೆ. ಆಗ ಸುಮೇಯ್ ಮೂಗೊರೆಸಿಕೊಂಡು ಎದ್ದಳು.

"ಇವ್ರು ಜಾರಿ ಬಿದ್ರು ಸಾರ್. ಹೊಸ ನೀರು, ಲೋಳೆ ಲೋಳೆ. ಬೇಕಾದ್ರೆ ಮುಟ್ಟಿ ನೋಡಿ."

ಪೊಲೀಸಿನವನು ನಲ್ಲಿಗೆ ಕೈಯೊಡ್ಡಿ ಬೆರಳು ಉಜ್ಜಿದ. "ಹೌದಲ್ರೀ, ಸೋಪ್ ಹಚ್ಚಿದಂಗಿದೆ." ಅವಳ ಮೂಗನ್ನೊಮ್ಮೆ ನೋಡಿ ಲಿಯಾಂಗ್‌ನತ್ತ ತಿರುಗಿದ. "ನೀನೇ ಹೇಳಪ್ಪ. ಜಾರಿದ್ಯೋ, ಇಲ್ಲ ಈ ಹಲ್ಲಿಲ್ಲದ ಅಜ್ಜಿ ಕೈಲಿ ಒದೆ ತಿಂದ್ಯೋ?"

ಬಾಗಿಲ ತುಂಬ ನೆರೆಯವರು. ಲಿಯಾಂಗ್ ತಲೆ ತಗ್ಗಿಸಿ, "ಜಾರಿದೆ" ಎಂದ.

ಸುಮೇಯ್ ಬಟ್ಟೆ ಗಂಟು ಕಟ್ಟಿಕೊಂಡು ನಮ್ಮ ಜೊತೆಯೇ ಮೆಟ್ಟಿಲಿಳಿದಳು. ಈಗ ನಮ್ಮ ಜೊತೆ ಮನೆಮನೆಗೆ ಬಂದು ತೊಟ್ಟಿಗೆ ಉಪ್ಪು ಸುರಿಯುವವಳು ಅವಳೇ. ಮರುವಾರ ಗುಯ್‌ಫೆನ್ ಹಲ್ಲು ಕಟ್ಟಿಸಿಕೊಂಡಳು.